ಅಂತೆ-ಕಂತೆಗಳ ಸಂತೆಯಲ್ಲಿ

ಕನ್ನಡದಲ್ಲಿ ‘ಅಂತೆ’ ಎಂಬ ಎರಡಕ್ಷರದ ಪದವೊಂದಿದೆ. ವ್ಯಾಕರಣದ ಪಾಠದಲ್ಲಿ ಅದಕ್ಕೆ ಸಿಗುವ ಗೌರವ ಅಷ್ಟಕ್ಕಷ್ಟೆ. ಆದರೆ ಅದು ಮಾಡುವ ಕೆಲಸ ಸಾಮಾನ್ಯವಾದುದಲ್ಲ. ‘ಗೌಡರು ಊರಿಗೆ ಬಂದರು’ ಎಂದರೆ ಹೇಳುವವನು ಕಂಡಿದ್ದಾನೆ. ‘ಗೌಡರು ಊರಿಗೆ ಬಂದರಂತೆ’ ಎಂದರೆ ಹೇಳುವವನು ಕೇಳಿದ್ದಾನೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಇರುವ ಅಂತರವನ್ನು ನಮ್ಮ ಹಿರಿಯರು ಎರಡೇ ಅಕ್ಷರಗಳಲ್ಲಿ ಅಳೆದು ಕ್ರಿಯಾಪದದ ಬಾಲಕ್ಕೆ ಕಟ್ಟಿಬಿಟ್ಟರು. ನ್ಯಾಯಾಲಯದಲ್ಲಿ ವಕೀಲರು ಗಂಟೆಗಟ್ಟಲೆ ಪಾಟೀಸವಾಲು ಹಾಕಿ ಹೊರಗೆಳೆಯುವ ಸಂಗತಿಯನ್ನು ನಮ್ಮ ಮನೆಯ ಅಜ್ಜಿ ಒಲೆಯ ಮುಂದೆ ಕುಳಿತೇ ತಿಳಿಸಿಬಿಡುತ್ತಾಳೆ.

ಕಷ್ಟವೆಂದರೆ, ಈ ಪದ ಗಟ್ಟಿಯಾಗಿ ಅಂಟಿಕೊಳ್ಳುವಂಥದಲ್ಲ. ಮೊದಲನೆಯವನು ‘ಹೊಡೆದರಂತೆ’ ಎಂದುದನ್ನು ಎರಡನೆಯವನು ‘ಹೊಡೆದರು’ ಎಂದು ಸಾಗಿಸುತ್ತಾನೆ. ಮೂರನೆಯವನು ಹೊಡೆದವರ ಹೆಸರನ್ನೂ ಹೇಳುತ್ತಾನೆ. ನಾಲ್ಕನೆಯವನು ಬಡಿಗೆ ಹಿಡಿದು ಹೊರಟೇಬಿಡುತ್ತಾನೆ. ೨೦೧೨ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಅಸ್ಸಾಮಿನಲ್ಲಿ ಗಲಭೆಗಳಾಗಿದ್ದ ದಿನಗಳವು. ಈಶಾನ್ಯ ರಾಜ್ಯಗಳಿಂದ ಬಂದು ನೆಲೆಸಿದವರ ಮೇಲೆ ಇಲ್ಲಿಯೂ ಹಲ್ಲೆಯಾಗಲಿದೆಯಂತೆ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡಿದವು. ಎರಡು ಮೂರು ದಿನಗಳಲ್ಲಿ ಸಾವಿರಾರು ಮಂದಿ ತಮ್ಮ ಕೆಲಸ, ಓದು, ಬಾಡಿಗೆಯ ಕೋಣೆ ಎಲ್ಲವನ್ನೂ ಬಿಟ್ಟು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ರಾಶಿ ರಾಶಿಯಾಗಿ ಸಂದೇಶ ಕಳಿಸುವುದನ್ನು ಕೇಂದ್ರ ಸರ್ಕಾರ ಕೆಲವು ದಿನ ದೇಶಕ್ಕೆಲ್ಲ ನಿರ್ಬಂಧಿಸಬೇಕಾಯಿತು. ಒಂದು ಮಹಾನಗರದ ನೆಮ್ಮದಿಯನ್ನು ಕೆಡಿಸಲು ಎಲ್ಲಿಯೋ ಒಂದು ‘ಅಂತೆ’ ಉದುರಿಬಿದ್ದುದೇ ಸಾಕಾಯಿತು.

ಪೊಲೀಸರು, ಪತ್ರಿಕೆಗಳು, ನ್ಯಾಯಾಲಯಗಳು ಎಲ್ಲವೂ ಇರುವ ನಗರದ ಸ್ಥಿತಿಯೇ ಹೀಗಾದರೆ, ಇವು ಯಾವುವೂ ಉಳಿಯದೆ ಅಂತಃಕಲಹದಲ್ಲಿ ಬೇಯುತ್ತಿರುವ ದೇಶದ ಗತಿಯೇನು? ಅಲ್ಲಿಗೆ ಶಾಂತಿಯನ್ನು ಕಾಯಲು ಹೋದ ಪಡೆ ಯಾರ ಮಾತನ್ನು ನಂಬಿ ಯಾವ ದಾರಿ ಹಿಡಿಯಬೇಕು? ಈ ವಾರದ ಅಂಕಣಕ್ಕೆ ಈ ಪ್ರಶ್ನೆಯೇ ವಿಷಯ. ಅದನ್ನು ನನ್ನ ಮುಂದಿಟ್ಟವರು ಯಾವ ಪಂಡಿತರೂ ಅಲ್ಲ; ಇಂಡಿ ತಾಲೂಕಿನ ತಾಂಬಾದ ಒಬ್ಬ ಒಕ್ಕಲಗಿತ್ತಿ.

ತಾಂಬಾ ನಮ್ಮ ವಿಜಯಪುರ ಜಿಲ್ಲೆಯ ದೊಡ್ಡ ಊರುಗಳಲ್ಲೊಂದು. ಸುತ್ತ ಎರೆಭೂಮಿ, ಬಿಳಿಜೋಳ, ತೊಗರಿ, ನಿಂಬೆಯ ಸೀಮೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಊರಿನವನು. ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲವು ವರ್ಷ ಉದ್ಯೋಗ ಮಾಡಿದ ಆತ ಈಚೆಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಕ್ಕೆ ಸ್ವಯಂಸೇವಕನಾಗಿ ಹೋಗಲು ಅರ್ಜಿ ಹಾಕಿದ್ದಾನೆ. ಹುದ್ದೆಯ ಹೆಸರು ‘ಮಾಹಿತಿ ವಿಶ್ಲೇಷಕ’. ಅವರ ಮನೆಗೆ ಹೋದಾಗ ಅವನ ತಾಯಿ ಪಡಸಾಲೆಯಲ್ಲಿ ಮರದ ತುಂಬ ಜೋಳ ಹರಡಿಕೊಂಡು ಹರಳು ಆರಿಸುತ್ತಿದ್ದರು. ತಲೆಯೆತ್ತದೆಯೇ ಕೇಳಿದರು:

“ಬಂದೂಕ ಹಿಡಿಯೂದಿಲ್ಲಂತ, ದವಾಖಾನಿ ಕೆಲಸಾನೂ ಅಲ್ಲಂತ. ಬರೇ ಸುದ್ದಿ ನೋಡೂದಂತ. ಸುದ್ದಿ ನೋಡಾಕ ಅಷ್ಟ ದೂರ ಯಾಕ ಹೋಗಬೇಕ್ರಿ ಸರ?”

ಆ ಒಂದು ಮಾತಿನಲ್ಲಿ ಮೂರು ಸಲ ‘ಅಂತ’ ಬಂದಿತ್ತು. ನಮ್ಮ ಕಡೆಯ ‘ಅಂತ’ವೇ ಗ್ರಂಥಭಾಷೆಯ ‘ಅಂತೆ’. ಮಗ ಹೇಳಿದುದನ್ನು ಮಗ ಹೇಳಿದುದೆಂದೇ ಹೇಳಿ, ತಾನು ಬಲ್ಲೆನೆಂದು ಹೇಳದೆ ಉಳಿದ ಆ ತಾಯಿಯ ನಾಲಗೆಯಲ್ಲಿ ವಿಶ್ಲೇಷಕನ ಮೊದಲನೆಯ ಪಾಠ ಆಗಲೇ ಇತ್ತು. ಮಗ ನಕ್ಕು, “ನೀ ಜ್ವಾಳಾ ಹಸನ ಮಾಡಿದಂಗ ಸುದ್ದಿ ಹಸನ ಮಾಡೂದವ್ವಾ” ಎಂದ. “ಹಸನ ಮಾಡದಿದ್ರ ಏನಾಕ್ಕೈತಿ?” ಎಂದರು ತಾಯಿ. ಜೋಳದಲ್ಲಿ ಹರಳು ಉಳಿದರೆ ಹಲ್ಲಿಗೆ ಕಷ್ಟ. ಸುದ್ದಿಯಲ್ಲಿ ಹರಳು ಉಳಿದರೆ ಯಾರಿಗೆ ಕಷ್ಟ? ಇದಕ್ಕೆ ಉತ್ತರ ಹೇಳಲು ಕೊಂಚ ಹಿಂದಕ್ಕೆ ಹೋಗಬೇಕು. ಮತ್ತು ನಮ್ಮ ನಾಡಿನವರೇ ಆದ ಒಬ್ಬ ದಂಡನಾಯಕರನ್ನು ನೆನೆಯಬೇಕು.

ಜನರಲ್ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯನವರು ಮಡಿಕೇರಿಯಲ್ಲಿ ೧೯೦೬ರಲ್ಲಿ ಜನಿಸಿದರು. ೧೯೫೭ರಿಂದ ೧೯೬೧ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರೆಂದು ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಹಿಂದೆ, ಅದರ ತರುವಾಯವೂ ಅವರು ಹೊತ್ತ ಎರಡು ಹೊಣೆಗಳು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಎರಡರಲ್ಲಿಯೂ ಗುಂಡಿಗಿಂತ ಹೆಚ್ಚಾಗಿ ಮಾತಿನ ಸತ್ಯಾಸತ್ಯವನ್ನು ತೂಗಬೇಕಾಗಿತ್ತು.

ಮೊದಲನೆಯದು ಕೊರಿಯಾ. ೧೯೫೩ರ ಜುಲೈ ೨೭ರಂದು ಅಲ್ಲಿ ಕದನವಿರಾಮವಾಯಿತು. ಆದರೆ ದಕ್ಷಿಣದ ಪಕ್ಷದ ವಶದಲ್ಲಿದ್ದ ೨೨,೦೦೦ಕ್ಕೂ ಹೆಚ್ಚು ಮಂದಿ ಚೀನೀ ಮತ್ತು ಉತ್ತರ ಕೊರಿಯಾದ ಯುದ್ಧಕೈದಿಗಳು ತಾಯ್ನಾಡಿಗೆ ಮರಳಲು ಒಪ್ಪುವುದಿಲ್ಲವೆಂಬ ಮಾತು ಬಂದಿತು. ಇದು ಅವರ ಸ್ವಂತ ಮನಸ್ಸೋ, ಯಾರೋ ಬೆದರಿಸಿ ಹೇಳಿಸಿದ ಮಾತೋ ಎಂಬುದೇ ಇಡೀ ಜಗತ್ತಿನ ಜಗಳವಾಯಿತು. ಅದನ್ನು ತಿಳಿಯಲೆಂದು ಭಾರತ, ಸ್ವೀಡನ್, ಸ್ವಿಟ್ಸರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಎಂಬ ಐದು ರಾಷ್ಟ್ರಗಳ ತಟಸ್ಥ ಆಯೋಗ ಏರ್ಪಟ್ಟಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಕೈದಿಗಳನ್ನು ಕಾಯುವ ಹೊಣೆ ಮೇಜರ್ ಜನರಲ್ ಥೋರಾತರ ನಾಯಕತ್ವದ ಭಾರತೀಯ ಪಡೆಯದು.

ಬೇಲಿಯೊಳಗೆ ಸಾವಿರಾರು ಕಂಠಗಳು ಒಂದೇ ಘೋಷಣೆ ಕೂಗುತ್ತಿದ್ದವು. ಆದರೆ ಕೈದಿಗಳೊಳಗೇ ನಾಯಕರ ಗುಂಪುಗಳಿದ್ದು, ಬೇರೆ ಮಾತಾಡಿದವನ ಪ್ರಾಣಕ್ಕೆ ಅಲ್ಲಿ ಭರವಸೆಯಿರಲಿಲ್ಲ. ಆದುದರಿಂದ ಡೇರೆಗಳನ್ನು ಹೊಡೆದು, ಕೈದಿಯನ್ನು ಒಬ್ಬೊಬ್ಬನನ್ನಾಗಿ ಒಳಗೆ ಕರೆತಂದು, ಅವನ ನಾಡಿನ ಪ್ರತಿನಿಧಿಗಳ ಮಾತನ್ನು ಕೇಳಿಸುವ ವ್ಯವಸ್ಥೆಯಾಯಿತು. ಡೇರೆಗೆ ಎರಡು ಬಾಗಿಲು: ಒಂದು ಮರಳುವವರಿಗೆ, ಇನ್ನೊಂದು ಮರಳಲೊಲ್ಲದವರಿಗೆ. ಯಾವ ಬಾಗಿಲಿನಿಂದ ಹೊರಬೀಳುತ್ತಾನೋ ಅದೇ ಅವನ ಉತ್ತರ. ಒಪ್ಪಂದದಲ್ಲಿ ಇದಕ್ಕೆಂದು ಇದ್ದ ಅವಧಿ ೯೦ ದಿನಗಳು. ೧೯೫೩ರ ಡಿಸೆಂಬರ್ ೨೩ಕ್ಕೆ ಅದು ಮುಗಿದಾಗ ಡೇರೆಯೊಳಗೆ ಬಂದುಹೋದವರು ಒಟ್ಟು ಕೈದಿಗಳಲ್ಲಿ ಸಣ್ಣ ಪಾಲು ಮಾತ್ರ. ಮರಳಲು ಒಪ್ಪಿದವರು ಕೆಲವು ನೂರು ಮಂದಿ. ಉಳಿದವರ ಮನಸ್ಸಿನಲ್ಲಿ ಏನಿದೆಯೆಂದು ತಾವು ಕೇಳಿ ತಿಳಿದುಕೊಂಡಿದ್ದೇವೆ ಎಂದು ಆಯೋಗ ಹೇಳಲು ಸಾಧ್ಯವಿರಲಿಲ್ಲ. ಅವರನ್ನು ಅವರ ಮೊದಲಿನ ವಶದಾರರಿಗೇ ಮರಳಿ ಒಪ್ಪಿಸಲಾಯಿತು. ಗುಂಪು ಕೂಗಿದುದನ್ನು ಒಬ್ಬೊಬ್ಬನ ಮಾತೆಂದು ಬರೆದುಕೊಳ್ಳಬಾರದು ಎಂಬ ವಿವೇಕವನ್ನು ಆ ಎರಡು ಬಾಗಿಲಿನ ಡೇರೆಯಲ್ಲಿ ಕಾಣಬಹುದು. ಆ ವಿವೇಕಕ್ಕೆ ಎಷ್ಟು ಅಡ್ಡಿಗಳು ಬರುತ್ತವೆ ಎಂಬುದನ್ನೂ ಅಲ್ಲಿಯೇ ಕಾಣಬಹುದು.

ಎರಡನೆಯದು ಸೈಪ್ರಸ್. ಮೆಡಿಟರೇನಿಯನ್ ಸಮುದ್ರದ ಆ ದ್ವೀಪದಲ್ಲಿ ೧೯೬೩ರ ಡಿಸೆಂಬರಿನಲ್ಲಿ ಗ್ರೀಕ್ ಮತ್ತು ತುರ್ಕಿ ಭಾಷೆಯ ಸಮುದಾಯಗಳ ನಡುವೆ ಕಾದಾಟ ಹೊತ್ತಿಕೊಂಡಿತು. ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಹಸಿರು ಪೆನ್ಸಿಲಿನಿಂದ ಗೆರೆಯೆಳೆದು ಇಬ್ಬರನ್ನೂ ಬೇರ್ಪಡಿಸಿದರು. ೧೯೬೪ರ ಮಾರ್ಚ್ ೪ರಂದು ಭದ್ರತಾ ಮಂಡಳಿ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳಿಸಲು ನಿರ್ಣಯಿಸಿತು. ಅದರ ಮೊದಲ ನಾಯಕರು ಭಾರತದ ಜನರಲ್ ಗ್ಯಾನಿ; ಅದೇ ವರ್ಷದ ಜುಲೈಯಲ್ಲಿ ಆ ಸ್ಥಾನಕ್ಕೆ ಬಂದವರು ನಮ್ಮ ತಿಮ್ಮಯ್ಯನವರು.

ಅಲ್ಲಿಯೂ ಅಂತೆ-ಕಂತೆಗಳಿಗೆ ಕೊರತೆಯಿರಲಿಲ್ಲ. ಎಷ್ಟು ಊರು ಸುಟ್ಟವು, ಎಷ್ಟು ಮನೆ ಬಿದ್ದವು ಎಂಬುದನ್ನು ಒಬ್ಬರು ಹಿಗ್ಗಿಸಿ ಹೇಳಿದರೆ, ಇನ್ನೊಬ್ಬರು ಏನೂ ಆಗಿಲ್ಲವೆಂದೇ ಹೇಳಬಹುದಾಗಿತ್ತು. ಶಾಂತಿಪಾಲನಾ ಪಡೆ ಕೈಕೊಂಡ ಕೆಲಸವನ್ನು ನೋಡಿ. ದ್ವೀಪದ ಉದ್ದಗಲಕ್ಕೂ ಆಸ್ತಿಪಾಸ್ತಿಗೆ ಆದ ಹಾನಿಯನ್ನು ಅವರು ವಿವರವಾಗಿ ಸರ್ವೇಕ್ಷಣೆ ಮಾಡಿದರು. ಮಹಾಕಾರ್ಯದರ್ಶಿ ಊ ಥಾಂಟ್ ಅವರು ೧೯೬೪ರ ಸೆಪ್ಟೆಂಬರಿನಲ್ಲಿ ಭದ್ರತಾ ಮಂಡಳಿಗೆ ಸಲ್ಲಿಸಿದ ವರದಿಯಲ್ಲಿ ಅದರ ಫಲ ಹೀಗಿದೆ: ೧೦೯ ಹಳ್ಳಿಗಳಲ್ಲಿ ೫೨೭ ಮನೆಗಳು ನಾಶವಾಗಿವೆ, ಇನ್ನೂ ೨,೦೦೦ ಮನೆಗಳು ಲೂಟಿಯಿಂದ ಹಾಳಾಗಿವೆ. ಆ ಹಳ್ಳಿಗಳಲ್ಲಿ ಬಹುಪಾಲು ತುರ್ಕಿಯವರದು ಅಥವಾ ಎರಡೂ ಸಮುದಾಯಗಳವರು ಕೂಡಿ ಬಾಳುತ್ತಿದ್ದಂಥವು.

ಈ ೫೨೭ ಎಂಬ ಸಂಖ್ಯೆಯ ಮುಂದೆ ವಾಚಕರು ಒಂದು ಗಳಿಗೆ ನಿಲ್ಲಬೇಕೆಂದು ಬೇಡುತ್ತೇನೆ. ‘ಸುಮಾರು ೫೦೦’ ಎಂದು ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಆಗ ೨೭ ಸಂಸಾರಗಳು ಲೆಕ್ಕದಿಂದ ಬಿಟ್ಟುಹೋಗುತ್ತಿದ್ದವು. ‘ಸಾವಿರಾರು ಮನೆಗಳು ನೆಲಸಮ’ ಎಂದಿದ್ದರೆ ಪತ್ರಿಕೆಗಳಿಗೆ ಒಳ್ಳೆಯ ತಲೆಬರಹವಾಗುತ್ತಿತ್ತು. ಆಗ ಎದುರು ಪಕ್ಷದವರು ಒಂದು ಹಳ್ಳಿಯ ಲೆಕ್ಕ ತಪ್ಪೆಂದು ತೋರಿಸಿ ಇಡೀ ವರದಿಯನ್ನೇ ತಳ್ಳಿಹಾಕಬಹುದಾಗಿತ್ತು. ಕೈಯಲ್ಲಿ ಕಾಗದ ಹಿಡಿದು ಮನೆ ಮನೆ ತಿರುಗಿ ಎಣಿಸಿದ ಸಂಖ್ಯೆಯೊಡನೆ ಜಗಳವಾಡುವುದು ಕಷ್ಟ. ನಮ್ಮ ಹಳ್ಳಿಗಳಲ್ಲಿ ಬೆಂಕಿ ಬಿದ್ದಾಗ, ಹೊಳೆ ಬಂದಾಗ, ಪಂಚರನ್ನು ಕೂಡಿಸಿ ಪಂಚನಾಮೆ ಬರೆಯುವುದಿಲ್ಲವೆ? ಅದೇ ಕೆಲಸವನ್ನು ಒಂದು ದ್ವೀಪಕ್ಕೆಲ್ಲ ಮಾಡಿದಂತಾಯಿತು. ತಿಮ್ಮಯ್ಯನವರು ೧೯೬೫ರ ಡಿಸೆಂಬರ್ ೧೮ರಂದು, ಆ ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ಸೈಪ್ರಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗಾಗಿ ಅಂಚೆಚೀಟಿಯೊಂದನ್ನು ಹೊರಡಿಸಿತು.

ಇಷ್ಟಾದರೂ ವಿಶ್ವಸಂಸ್ಥೆ ಈ ವಿದ್ಯೆಯನ್ನು ತನ್ನದೆಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಂಜರಿಯಿತು. ‘ಬೇಹುಗಾರಿಕೆ’ ಎಂಬ ಮಾತಿನ ನೆರಳು ಬಿದ್ದರೆ ಸಂಸ್ಥೆಯ ಹೆಸರೇ ಕೆಟ್ಟೀತೆಂಬ ಭಯ. ಮಹಾಕಾರ್ಯದರ್ಶಿಯಾಗಿದ್ದ ಡ್ಯಾಗ್ ಹಾಮರ್‌ಶೋಲ್ಡ್ ಅವರು ಅಂಥ ಖಾಯಂ ವಿಭಾಗಕ್ಕೆ ಸಮ್ಮತಿಸಲಿಲ್ಲ. ಆದರೆ ೧೯೬೦ರಲ್ಲಿ ಪಡೆ ಕಾಂಗೋ ದೇಶಕ್ಕೆ ಹೋದಾಗ ಕಣ್ಣು ಮುಚ್ಚಿಕೊಂಡು ನಡೆಯುವುದು ಸಾಧ್ಯವಾಗಲಿಲ್ಲ. ಅಲ್ಲೊಂದು ‘ಮಿಲಿಟರಿ ಮಾಹಿತಿ ಶಾಖೆ’ ಹುಟ್ಟಿಕೊಂಡಿತು. ಹೆಸರಿನಲ್ಲಿ ‘ಮಾಹಿತಿ’ಯೆಂಬ ಸಾಧುಪದವನ್ನು ಇಟ್ಟುದೂ ಆ ಸಂಕೋಚದಿಂದಲೇ. ಮುಂದೆ, ಈ ಶತಮಾನದ ಮೊದಲ ದಶಕದಲ್ಲಿ, ದೊಡ್ಡ ಕಾರ್ಯಾಚರಣೆಗಳಲ್ಲೆಲ್ಲ ಸೈನಿಕರು, ಪೊಲೀಸರು, ನಾಗರಿಕರು ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡುವ ‘ಜಂಟಿ ವಿಶ್ಲೇಷಣಾ ಕೇಂದ್ರ’ಗಳು ಏರ್ಪಟ್ಟವು. ೨೦೧೭ರಲ್ಲಿ ವಿಶ್ವಸಂಸ್ಥೆ ಇದಕ್ಕೆಂದೇ ಲಿಖಿತ ನೀತಿಯೊಂದನ್ನು ರೂಪಿಸಿತು. ಕದ್ದುಮುಚ್ಚಿ ನಡೆಸುವ ಕಾರ್ಯಗಳು ನಿಷಿದ್ಧವೆಂದು ಆ ನೀತಿ ಸ್ಪಷ್ಟವಾಗಿ ಸಾರುತ್ತದೆ. ಅಂದಮೇಲೆ ನಮ್ಮ ತಾಂಬಾದ ತರುಣನ ಹುದ್ದೆ ಗೂಢಚಾರನದಲ್ಲ. ಇಂಥ ಕೇಂದ್ರಗಳಲ್ಲಿ ಸ್ವಯಂಸೇವಕರೂ ವಿಶ್ಲೇಷಕರಾಗಿ ದುಡಿಯುತ್ತಾರೆ. ಅವನು ಹೋಗಬೇಕೆಂದಿರುವುದು ಅಲ್ಲಿಗೆ.

ಅಲ್ಲಿ ಆತ ಮಾಡುವುದೇನು? ಗಸ್ತು ತಿರುಗಿ ಬಂದವರ ಟಿಪ್ಪಣಿಗಳು, ಊರ ಹಿರಿಯರ ಮಾತು, ರೇಡಿಯೋ, ಪತ್ರಿಕೆ, ಆಕಾಶದಿಂದ ತೆಗೆದ ಚಿತ್ರ—ಇವೆಲ್ಲ ಅವನ ಮೇಜಿಗೆ ಬರುತ್ತವೆ. ದೊಡ್ಡ ಸುದ್ದಿಗಳಿಗಿಂತ ಸಣ್ಣ ಸಂಗತಿಗಳ ಮೇಲೆ ಅವನ ಕಣ್ಣು ಹೆಚ್ಚು. ವಾರದ ಸಂತೆಗೆ ತಪ್ಪದೆ ಬರುತ್ತಿದ್ದ ಹೆಂಗಸರು ಈ ವಾರ ಬರಲಿಲ್ಲ. ಒಂದು ಓಣಿಯವರು ದನಗಳನ್ನು ಸಿಕ್ಕ ಬೆಲೆಗೆ ಮಾರುತ್ತಿದ್ದಾರೆ. ಶಾಲೆಗೆ ಒಂದು ಸಮುದಾಯದ ಮಕ್ಕಳು ಮಾತ್ರ ಬರುತ್ತಿದ್ದಾರೆ. ಒಂದೊಂದಾಗಿ ನೋಡಿದರೆ ಇವು ಏನೂ ಅಲ್ಲ. ಮೂರೂ ಒಂದೇ ವಾರದಲ್ಲಿ ಒಂದೇ ಕಡೆ ಕಂಡರೆ ಯಾರೋ ಯಾರಿಗೋ ಹೆದರಿದ್ದಾರೆ. ಗಸ್ತು ಆ ರಾತ್ರಿ ಆ ದಾರಿಯಲ್ಲಿಯೇ ಹೋಗಬೇಕು.

ಸುದ್ದಿಯನ್ನು ತೂಗಲು ಅನೇಕ ದೇಶಗಳ ಸೈನ್ಯಗಳಲ್ಲಿ ಒಂದು ಪದ್ಧತಿ ರೂಢಿಯಲ್ಲಿದೆ. ಸುದ್ದಿ ತಂದವನಿಗೆ ಒಂದು ಗುರುತು, ಸುದ್ದಿಗೆ ಇನ್ನೊಂದು. ತಂದವನ ವಿಶ್ವಾಸಾರ್ಹತೆಗೆ ಎ ಯಿಂದ ಎಫ್‌ವರೆಗೆ ಆರು ಅಕ್ಷರಗಳು. ಸುದ್ದಿಯ ಸಂಭಾವ್ಯತೆಗೆ ೧ರಿಂದ ೬ರವರೆಗೆ ಅಂಕೆಗಳು. ಎರಡನ್ನೂ ಬೆರೆಸಬಾರದೆಂಬುದೇ ಇದರ ಗುಟ್ಟು. ಸತ್ಯವಂತನೂ ಮೋಸಹೋಗಿ ಸುಳ್ಳು ಸುದ್ದಿ ತರಬಲ್ಲ. ಪ್ರಸಿದ್ಧ ಸುಳ್ಳುಗಾರನೂ ಒಮ್ಮೊಮ್ಮೆ ನಿಜ ಹೇಳಬಲ್ಲ. ಎರಡೂ ಸಾಲುಗಳಲ್ಲಿ ಕೊನೆಯ ಗುರುತಿನ ಅರ್ಥ ‘ಸುಳ್ಳು’ ಎಂದಲ್ಲ, ‘ಇನ್ನೂ ತೀರ್ಮಾನಿಸಲಾಗದು’ ಎಂದು. ಹೊಸಬನು ಬಂದು ಹೊಸ ಸುದ್ದಿ ಹೇಳಿದರೆ ಅವನಿಗೂ ಸುದ್ದಿಗೂ ಈ ಕೊನೆಯ ಗುರುತೇ ಸಲ್ಲುತ್ತದೆ. ಅದನ್ನು ತಳ್ಳಿಬಿಡುವುದಿಲ್ಲ, ನಂಬಿಬಿಡುವುದೂ ಇಲ್ಲ.

ನಮ್ಮ ಶಾಸ್ತ್ರಕಾರರಿಗೂ ಇದು ಅಪರಿಚಿತವಲ್ಲ. ನೈಯಾಯಿಕರು ಜ್ಞಾನದ ದಾರಿಗಳನ್ನು ಹೇಳುವಾಗ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಬೇರೆ ಬೇರೆಯಾಗಿ ಎಣಿಸಿದರು. ಶಬ್ದವೆಂದರೆ ಯಾರದೋ ಮಾತಲ್ಲ, ಆಪ್ತನ ಮಾತು. ವಸ್ತುವನ್ನು ಇದ್ದಂತೆ ಬಲ್ಲವನು, ಬಲ್ಲಂತೆ ಹೇಳುವವನು ಆಪ್ತ. ನಮ್ಮ ಗಾದೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ.

ಮನೆಯ ಹತ್ತಿರದ ಉದಾಹರಣೆಯೊಂದನ್ನು ಕೊಡುತ್ತೇನೆ. ಇಂಡಿ ತಾಲೂಕಿನ ಉತ್ತರದಲ್ಲಿ ಭೀಮಾನದಿ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟು. ೨೦೨೦ರ ಅಕ್ಟೋಬರಿನಲ್ಲಿ ಬಂದ ಮಹಾಪೂರವನ್ನು ದಂಡೆಯ ಊರುಗಳವರು ಮರೆತಿಲ್ಲ. ಮಳೆಗಾಲದ ಒಂದು ಸಂಜೆ ‘ಉಜನಿಯಿಂದ ನೀರು ಬಿಟ್ಟರಂತೆ, ಬೆಳಗಾಗುವುದರೊಳಗೆ ಊರಿಗೆ ಬರುತ್ತದಂತೆ’ ಎಂಬ ಸುದ್ದಿ ಬಂದಿತೆನ್ನಿ. ನಂಬಿ ಊರನ್ನೇ ಎಬ್ಬಿಸಿದ ಮೇಲೆ ಸುಳ್ಳಾದರೆ, ಮುಂದಿನ ಸಲ ನಿಜ ಸುದ್ದಿಗೂ ಯಾರೂ ಏಳುವುದಿಲ್ಲ. ನಂಬದೆ ಮಲಗಿದ ಮೇಲೆ ನಿಜವಾದರೆ, ಕಟ್ಟಿದ ದನಗಳು ಕಟ್ಟಿದಲ್ಲಿಯೇ ಹೋಗುತ್ತವೆ. ವಿಶ್ಲೇಷಕನಾದವನು ಆಗ ಏನು ಮಾಡುತ್ತಾನೆ? ಹೇಳಿದವನು ಯಾರು, ಅವನು ನೀರನ್ನು ಕಂಡನೋ ಮಾತನ್ನು ಕೇಳಿದನೋ ಎಂದು ವಿಚಾರಿಸುತ್ತಾನೆ. ಹತ್ತು ಜನ ಹೇಳಿದರೆಂದು ಹಿಗ್ಗುವುದಿಲ್ಲ. ಹತ್ತು ಜನರೂ ಒಂದೇ ಸಂದೇಶವನ್ನು ಓದಿ ಹೇಳಿದ್ದರೆ ಸಾಕ್ಷಿ ಹತ್ತಲ್ಲ, ಒಂದೇ. ಮೇಲ್ದಂಡೆಯ ಊರಿಗೆ ಕರೆ ಮಾಡಿ ನೀರು ಎಷ್ಟು ಮೆಟ್ಟಿಲು ಏರಿದೆಯೆಂದು ಕೇಳುತ್ತಾನೆ. ಅಣೆಕಟ್ಟಿನವರ ಪ್ರಕಟಣೆಯನ್ನು ಹುಡುಕುತ್ತಾನೆ. ನೀರು ಅಷ್ಟು ದೂರ ಹರಿದು ಬರಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕುತ್ತಾನೆ. ಬಳಿಕ ಇಷ್ಟು ಗೊತ್ತಾಗಿದೆ, ಇಷ್ಟು ಕೇಳಿದ್ದು, ಇಷ್ಟು ನನ್ನ ಊಹೆ ಎಂದು ಮೂರನ್ನೂ ಬೇರೆ ಬೇರೆಯಾಗಿ ಬರೆದು, ಹೊತ್ತು ಮೀರುವ ಮುನ್ನ ಹೇಳಬೇಕಾದವರಿಗೆ ಹೇಳುತ್ತಾನೆ. ಪೂರ್ತಿ ಖಚಿತವಾಗಲೆಂದು ಕಾಯುತ್ತ ಕುಳಿತರೆ ಖಚಿತಪಡಿಸಲು ನೀರೇ ಬಾಗಿಲಿಗೆ ಬಂದೀತು.

ಇನ್ನೊಂದು ಹೊಣೆಯೂ ಅವನ ಮೇಲಿದೆ. ನೀರಿನ ಸುದ್ದಿ ಹೇಳಿದವನಿಗೆ ಯಾರ ಹೆದರಿಕೆಯೂ ಇಲ್ಲ. ಆದರೆ ಕಲಹದ ನಾಡಿನಲ್ಲಿ, ನಿನ್ನೆ ರಾತ್ರಿ ತೋಟದಲ್ಲಿ ಬಂದೂಕು ಹೂಳಿದವರನ್ನು ಕಂಡೆನೆಂದು ಹೇಳಿದ ಹೆಂಗಸಿನ ಹೆಸರು ಕಾಗದದಲ್ಲಿ ಬಿದ್ದರೆ ಅವಳ ಗತಿ ಏನಾದೀತು? ಸುದ್ದಿಯನ್ನು ಉಳಿಸಿಕೊಂಡು ಅವಳ ಗುರುತನ್ನು ಅಳಿಸುವುದೂ ವಿಶ್ಲೇಷಕನ ಕೆಲಸವೇ. ಹಸನು ಮಾಡುವಾಗ ಕಾಳನ್ನು ಒಡೆಯಬಾರದು.

ಸ್ವಯಂಸೇವಕನೆಂದರೆ ಕೂಲಿಯಿಲ್ಲದೆ ದುಡಿಯುವವನೆಂದು ನಮ್ಮಲ್ಲಿ ತಿಳಿಯುವುದುಂಟು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯನ್ನು ಮಹಾಸಭೆ ೧೯೭೦ರಲ್ಲಿ ಮಂಜೂರು ಮಾಡಿತು. ಮರುವರ್ಷ ಅದು ಕಾರ್ಯಾರಂಭ ಮಾಡಿತು. ೧೯೯೬ರಿಂದ ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಸ್ವಯಂಸೇವಕರಿಗೆ ಸಂಬಳವಿಲ್ಲ, ಆದರೆ ಅಲ್ಲಿ ಬಾಳಲು ಬೇಕಾದ ಮಾಸಿಕ ಭತ್ಯೆಯುಂಟು. ಅವರು ತಮ್ಮ ದೇಶದ ಸರ್ಕಾರದಿಂದಾಗಲಿ ಬೇರೆ ಸರ್ಕಾರದಿಂದಾಗಲಿ ಆದೇಶ ಪಡೆಯುವಂತಿಲ್ಲ.

ಅಪಾಯವಿಲ್ಲವೆ? ತಾಂಬಾದ ಆ ತಾಯಿಗೆ ನಾನು ಇದನ್ನು ಮುಚ್ಚಿಡಲಿಲ್ಲ. ೧೯೯೩ರಲ್ಲಿ ಕಾಂಬೋಡಿಯಾದಲ್ಲಿ ವಿಶ್ವಸಂಸ್ಥೆ ಚುನಾವಣೆ ನಡೆಸಿದಾಗ ನಾಲ್ಕುನೂರಕ್ಕೂ ಹೆಚ್ಚು ಸ್ವಯಂಸೇವಕರು ಹಳ್ಳಿಹಳ್ಳಿಗೆ ಹೋಗಿ ಮತದಾರರ ನೋಂದಣಿ ಮಾಡಿಸಿದರು. ಏಪ್ರಿಲ್ ೮ರಂದು ಕಾಂಪೊಂಗ್ ಥೊಮ್ ಪ್ರಾಂತದಲ್ಲಿ ಅತ್ಸುಹಿತೊ ನಕಾತ ಎಂಬ ೨೫ ವರ್ಷದ ಜಪಾನಿ ಸ್ವಯಂಸೇವಕನೂ ಅವನ ದುಭಾಷಿಯೂ ಗುಂಡಿಗೆ ಬಲಿಯಾದರು. ಮುಂದಿನ ತಿಂಗಳು ಚುನಾವಣೆ ನಡೆದೇ ನಡೆಯಿತು. ನೋಂದಾಯಿಸಿದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಬಂದು ಮತ ಹಾಕಿದರು. ಆ ತರುಣನ ತಂದೆ ತಮ್ಮ ಉದ್ಯೋಗವನ್ನು ಬಿಟ್ಟು ಸ್ವಯಂಸೇವಕರ ಗೌರವ ರಾಯಭಾರಿಯಾದರು. ಇದನ್ನು ಕೇಳಿ ಆ ತಾಯಿ ಬಹಳ ಹೊತ್ತು ಏನೂ ಅನ್ನಲಿಲ್ಲ. ನಾನೂ ಹೋಗಲಿ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಮಗನ ಪ್ರಾಣದ ವಿಷಯದಲ್ಲಿ ಮಾಸ್ತರರು ಫೈಸಲು ಕೊಡಬಾರದು.

ಸುದ್ದಿ ಹಸನಾದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೆಂದು ನಾನು ಹೇಳಿದರೆ ಅದೂ ಒಂದು ಕಂತೆಯಾದೀತು. ೧೯೯೪ರ ಜನವರಿ ೧೧ರಂದು ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ನಾಯಕ ಜನರಲ್ ಡಲೇರ್ ನ್ಯೂಯಾರ್ಕಿಗೆ ತಂತಿ ಸಂದೇಶ ಕಳಿಸಿದರು. ಶಸ್ತ್ರಗಳನ್ನು ಕೂಡಿಡಲಾಗಿದೆ, ಟುಟ್ಸಿ ಜನರ ಹೆಸರುಗಳನ್ನು ಪಟ್ಟಿಮಾಡಲಾಗುತ್ತಿದೆ ಎಂದು ಒಳಗಿನವನೊಬ್ಬ ಹೇಳಿದ್ದ. ಶಸ್ತ್ರಗಳನ್ನು ವಶಪಡಿಸಿಕೊಳ್ಳಲು ಅವರಿಗೆ ಒಪ್ಪಿಗೆ ಸಿಗಲಿಲ್ಲ. ಏಪ್ರಿಲಿನಲ್ಲಿ ಹತ್ಯಾಕಾಂಡ ಮೊದಲಾಯಿತು; ಸುಮಾರು ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಹತರಾದರು. ಹೇಳುವವನು ಹೇಳಿದ್ದ, ಬರೆಯುವವನು ಬರೆದಿದ್ದ, ಮಾಡಬೇಕಾದವರು ಮಾಡಲಿಲ್ಲ. ವಿಶ್ಲೇಷಕನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿರಲಾರದು. ಆದರೂ ಆ ತಂತಿ ಇದ್ದುದರಿಂದಲೇ ‘ನಮಗೆ ಗೊತ್ತಿರಲಿಲ್ಲ’ ಎಂದು ಹೇಳುವ ದಾರಿ ಮುಂದೆ ಯಾರಿಗೂ ಉಳಿಯಲಿಲ್ಲ. ಸಂಸ್ಥೆ ತನ್ನನ್ನು ತಾನೇ ವಿಚಾರಣೆಗೆ ಒಡ್ಡಿಕೊಳ್ಳಬೇಕಾಯಿತು. ಇಂದಿನ ವಿಶ್ಲೇಷಣಾ ಕೇಂದ್ರಗಳ ಹಿಂದೆ ಆ ಪಾಠವೂ ಇದೆ.

ಇಷ್ಟೆಲ್ಲ ಕಾಂಗೋ, ಸೈಪ್ರಸ್ಸುಗಳ ಮಾತಾಯಿತು. ನಮಗೇನು ಎಂದು ಯಾರಾದರೂ ಕೇಳಬಹುದು. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಜನ ಮಕ್ಕಳ ಕಳ್ಳನೆಂದು ಬಡಿದು ಕೊಂದರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಅವನ ಗುಂಪಿನವರು ಚಾಕೊಲೇಟು ಕೊಟ್ಟಿದ್ದರು, ಅಷ್ಟೆ. ಅವರು ಕಾರನ್ನು ಓಡಿಸಿಕೊಂಡು ಹೋಗುತ್ತಿದ್ದಾಗ ಮೊಬೈಲಿನ ಸಂದೇಶ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಆ ಸಂದೇಶ ಸಾಗಿಬಂದ ಕೈಗಳಲ್ಲಿ ಒಂದಾದರೂ ಕೈ, ಕಳೆದುಹೋದ ಮಗು ಯಾವುದು, ಅದರ ತಾಯಿ ಯಾರು ಎಂದು ಕೇಳಿದ್ದರೆ ಸಾಕಾಗುತ್ತಿತ್ತು. ಕಳೆದುಹೋದ ಮಗು ಇರಲಿಲ್ಲ.

ಶಾಂತಿಪಾಲನೆಗೆ ಹಡಗು, ವಿಮಾನ ಹತ್ತಿ ಎಲ್ಲರೂ ಹೋಗಲಾರರು. ಆದರೆ ಇಂದು ಪ್ರತಿಯೊಂದು ಮನೆಯ ಅಂಗೈಯಲ್ಲಿಯೂ ಒಂದು ಸುದ್ದಿಕೇಂದ್ರವಿದೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಮಾತು ಇಂದಿಗೂ ನಿಜವೇ. ಆದುದರಿಂದ ಮುಚ್ಚುವ ಯತ್ನ ಬೇಡ. ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು, ಹೇಳಿದವರು ಯಾರು, ಅವರು ಕಂಡರೋ ಕೇಳಿದರೋ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಉತ್ತರ ತಿಳಿಯದಿದ್ದರೆ, ನಮ್ಮ ಭಾಷೆ ಕೊಟ್ಟಿರುವ ಆ ಎರಡಕ್ಷರವನ್ನು ಅದರ ಬಾಲದಿಂದ ಕೀಳದೆ ಇದ್ದಲ್ಲಿಯೇ ಇರಗೊಡೋಣ. ಸಂಜೆ ಮಕ್ಕಳಿಗೆ ವ್ಯಾಕರಣ ಹೇಳಿಕೊಡುವಾಗ ವಿಭಕ್ತಿ ಪ್ರತ್ಯಯಗಳ ಜೊತೆಗೆ ಇದನ್ನೂ ಒಂದು ಪಾಠವಾಗಿ ಹೇಳಿಕೊಡಬಹುದು.